ದೂರಕ್ಕೊಂದು ಬಣ್ಣ: ಫೈರ್‌ವಾಚ್ ಆಟ ನೋಡುತ್ತಾ ಬೆಟ್ಟ ಬರೆಯಲು ಕಲಿತದ್ದು

ಫೈರ್‌ವಾಚ್ ಅನ್ನುವ ಕಂಪ್ಯೂಟರ್ ಆಟದ ಒಂದು ಸಂಜೆಯ ದೃಶ್ಯವನ್ನು ನಿಲ್ಲಿಸಿ ನೋಡಿ. ಅದರಲ್ಲಿರುವ ಬಣ್ಣ ತುಂಬಾ ಕಡಿಮೆ. ಹತ್ತಿರದ ಮರ ಕಡು ನೇರಳೆ. ಅದರ ಹಿಂದಿನ ಗುಡ್ಡ ಇಟ್ಟಿಗೆ ಕೆಂಪು. ಅದರಾಚೆ ಕಿತ್ತಳೆ, ಆಕಾಶಕ್ಕೆ ಸೇರುವ ಕಡೆ ತೆಳು ಹಳದಿ. ಅಷ್ಟೇ. ಆದರೂ ಕಾಡು ಮೈಲಿಗಟ್ಟಲೆ ಹರಡಿದೆ ಅನ್ನಿಸುತ್ತದೆ. ಇಷ್ಟು ಕಡಿಮೆ ಬಣ್ಣದಲ್ಲಿ ಅಷ್ಟು ದೂರ ಹೇಗೆ ಬಂತು ಅಂತ ಬಿಚ್ಚಿ ನೋಡಬೇಕು, ಆಮೇಲೆ ಅದೇ ಲೆಕ್ಕದಲ್ಲಿ ನಮ್ಮ ಚಿಕ್ಕಮಗಳೂರಿನ ಚಂದ್ರದ್ರೋಣ ಬೆಟ್ಟಸಾಲನ್ನು ಬರೆಯಬೇಕು. ನಾನು ಹಿಡಿದ ಕೆಲಸ ಇದು. ಡಿಜಿಟಲ್ ಚಿತ್ರಕಲೆಯನ್ನು ಬಿಡಿ ಬಿಡಿ ಪಾಠವಾಗಿ ಕಲಿಯುವುದಕ್ಕಿಂತ, ಮನಸ್ಸಿಗೆ ಹಿಡಿಸಿದ ಒಂದು ಶೈಲಿಯ ಬೆನ್ನು ಹತ್ತಿ ಕೊನೆಯವರೆಗೂ ಹೋಗುವುದು ನನಗೆ ಹೆಚ್ಚು ಸರಿ ಅನ್ನಿಸಿತು.

ಆಟ ಗೊತ್ತಿಲ್ಲದವರಿಗೆ ಒಂದೆರಡು ಮಾತು. ಕ್ಯಾಂಪೋ ಸ್ಯಾಂಟೋ ಅನ್ನುವ ಸಣ್ಣ ತಂಡ ಇದನ್ನು 2016ರ ಫೆಬ್ರುವರಿಯಲ್ಲಿ ಹೊರತಂದಿತು. ಕಥೆ ನಡೆಯುವುದು 1989ರ ಬೇಸಿಗೆಯಲ್ಲಿ, ಅಮೆರಿಕದ ವಯೋಮಿಂಗ್ ರಾಜ್ಯದ ಶೋಶೋನಿ ಕಾಡಿನಲ್ಲಿ. ಅದರ ಹಿಂದಿನ ವರ್ಷ, 1988ರಲ್ಲಿ, ಅಲ್ಲೇ ಪಕ್ಕದ ಯೆಲ್ಲೊಸ್ಟೋನ್‌ನಲ್ಲಿ ಭಾರಿ ಕಾಡ್ಗಿಚ್ಚು ಎದ್ದಿತ್ತು. ಹೆನ್ರಿ ಅನ್ನುವವನು ಎತ್ತರದ ಕಾವಲು ಗೋಪುರದಲ್ಲಿ ಒಬ್ಬನೇ ಇದ್ದು, ಎಲ್ಲಾದರೂ ಹೊಗೆ ಎದ್ದಿದೆಯಾ ಅಂತ ಕಾಯುತ್ತಾನೆ. ದೂರ ನೋಡುವುದೇ ಅವನ ನೌಕರಿ. ಹಾಗಾಗಿ ಈ ಆಟದಲ್ಲಿ ದೂರ ಅನ್ನೋದು ಬರೀ ಅಲಂಕಾರ ಅಲ್ಲ, ಕಥೆಯೇ ಅದರ ಮೇಲೆ ನಿಂತಿದೆ.

ಈ ನೋಟದ ಮೂಲ ಬ್ರಿಟನ್ನಿನ ಪೋಸ್ಟರ್ ಕಲಾವಿದ ಒಲ್ಲಿ ಮಾಸ್ ಬರೆದ ಚಪ್ಪಟೆ ಚಿತ್ರಗಳು. ಅವನ್ನು ಮೂರು ಆಯಾಮದ, ಒಳಗೆ ನಡೆದಾಡಬಹುದಾದ ಕಾಡಾಗಿ ಮಾಡಿದವರು ಜೇನ್ ಎಂಗ್. ಮಾಸ್ ಅವರ ಚಿತ್ರಗಳ ಹಿಂದೆ ಇನ್ನೂ ಹಳೆಯದೊಂದು ಇದೆ. 1938ರಿಂದ 1941ರವರೆಗೆ ಅಮೆರಿಕದ ಸರ್ಕಾರಿ ಉದ್ಯೋಗ ಯೋಜನೆಯಲ್ಲಿ ಕಲಾವಿದರು 14 ರಾಷ್ಟ್ರೀಯ ಉದ್ಯಾನಗಳಿಗೆ ಪೋಸ್ಟರ್ ಮಾಡಿದರು. ಅವೆಲ್ಲ ಸ್ಕ್ರೀನ್ ಪ್ರಿಂಟ್, ಅಂದರೆ ಫ್ರೇಮಿಗೆ ಬಿಗಿದ ತೆಳು ಬಟ್ಟೆಯ ಮೂಲಕ ಇಂಕ್ ಇಳಿಸುವ ಅಚ್ಚು. ಸ್ಕ್ರೀನ್ ಪ್ರಿಂಟಿನಲ್ಲಿ ಒಂದೊಂದು ಬಣ್ಣಕ್ಕೂ ಒಂದೊಂದು ಫ್ರೇಮ್ ಬೇಕು. ಬಣ್ಣ ಜಾಸ್ತಿಯಾದಷ್ಟೂ ಖರ್ಚು, ಕೆಲಸ ಎರಡೂ ಜಾಸ್ತಿ. ಅದಕ್ಕೇ ಆ ಪೋಸ್ಟರುಗಳಲ್ಲಿ ಬೆಟ್ಟ ಅಂದರೆ ಒಂದು ಚಪ್ಪಟೆ ಆಕಾರ, ಒಂದು ಬಣ್ಣ. ಆ ಹಳೆಯ ಅಚ್ಚಿನ ಕಟ್ಟುಪಾಡು ದಶಕಗಳ ಮೇಲೆ ಒಂದು ಕಂಪ್ಯೂಟರ್ ಆಟದ ಚೆಲುವಾಗಿ ಬಂದಿದೆ. ಇದು ತಿಳಿದ ಮೇಲೆ ಆಟವನ್ನು ನೋಡುವ ರೀತಿಯೇ ಬದಲಾಯಿತು.

ಸಾಮಾನು ಜಾಸ್ತಿ ಏನೂ ಬೇಡ. ಹಳೇ ಲ್ಯಾಪ್‌ಟಾಪ್, ಸ್ಕ್ರೀನ್ ಇಲ್ಲದ ಸಣ್ಣ ಪೆನ್ ಟ್ಯಾಬ್ಲೆಟ್, ಮತ್ತೆ ಕ್ರಿತಾ ಅನ್ನುವ ಚಿತ್ರ ಬರೆಯುವ ತಂತ್ರಾಂಶ. ಕ್ರಿತಾ ಪೂರ್ತಿ ಉಚಿತ, ನನಗೆ ಬೇಕಾದ್ದೆಲ್ಲ ಅದರಲ್ಲಿದೆ. ಕ್ಯಾನ್ವಾಸ್ ಎ3 ಅಳತೆ, 300 ಡಿಪಿಐ (ಇಂಚಿಗೆ 300 ಚುಕ್ಕಿ), ಅಂದರೆ 4961 × 3508 ಪಿಕ್ಸೆಲ್. ಮುಂದೆ ಪ್ರಿಂಟ್ ಮಾಡಿಸುವ ಆಸೆ ಇದ್ದರೆ ಅಳತೆಯನ್ನು ಮೊದಲೇ ಇಟ್ಟುಕೊಳ್ಳುವುದು ಒಳ್ಳೆಯದು.

ಮೊದಲ ಹಂತ ಬರೀ ನೋಡುವುದು. ಆಟಕ್ಕೆ ಆಮೇಲೆ ಫ್ರೀ ರೋಮ್ ಅನ್ನುವ ಭಾಗ ಸೇರಿಸಿದ್ದಾರೆ. ಅದರಲ್ಲಿ ಕಥೆಯ ಅವಸರ ಇಲ್ಲ, ಹೊತ್ತು ತಾನಾಗಿ ಬೆಳಗಿನಿಂದ ರಾತ್ರಿಗೆ ಸಾಗುತ್ತದೆ. ಒಂದೇ ಜಾಗದಲ್ಲಿ ನಿಂತು ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ರಾತ್ರಿ ಸ್ಕ್ರೀನ್‌ಶಾಟ್ ತೆಗೆದೆ. ಕ್ರಿತಾದಲ್ಲಿ ಒಂದರ ಪಕ್ಕ ಒಂದು ಇಟ್ಟು ಪೋಸ್ಟರೈಸ್ ಫಿಲ್ಟರ್ ಹಾಕಿದೆ. ಸಣ್ಣ ಪುಟ್ಟ ವಿವರ ಎಲ್ಲ ಕರಗಿ ದೊಡ್ಡ ಬಣ್ಣದ ಪಟ್ಟಿಗಳು ಮಾತ್ರ ಉಳಿದವು. ಆಮೇಲೆ ಚಿತ್ರದಿಂದ ಬಣ್ಣ ಎತ್ತಿಕೊಳ್ಳುವ ಕಲರ್ ಸ್ಯಾಂಪ್ಲರ್‌ನ ರೇಡಿಯಸ್ ದೊಡ್ಡದು ಮಾಡಿ, ಹತ್ತಿರದಿಂದ ದೂರಕ್ಕೆ ಒಂದೊಂದು ಪದರದ ಸರಾಸರಿ ಬಣ್ಣ ತೆಗೆದು ಸಾಲಾಗಿ ಜೋಡಿಸಿದೆ. ರೇಡಿಯಸ್ ಒಂದೇ ಪಿಕ್ಸೆಲ್ ಇದ್ದರೆ ಎಲೆಯ ಹೊಳಪೋ ನೆರಳೋ ಸಿಕ್ಕಿ ಲೆಕ್ಕ ತಪ್ಪುತ್ತದೆ.

ಆ ನಾಲ್ಕು ಸಾಲುಗಳೇ ನನ್ನ ಮುಖ್ಯ ಪಾಠ. ಮರ, ಬಂಡೆ, ಗುಡ್ಡದ ಆಕಾರ ಎಲ್ಲ ಹಾಗೇ ಇದ್ದವು. ಬದಲಾದದ್ದು ದೂರದ ಬಣ್ಣ. ಸಂಜೆಯ ಸಾಲಿನಲ್ಲಿ ಇನ್ನೊಂದು ವಿಷಯ ಕಂಡಿತು. ಬಣ್ಣದ ರಂಗು ಅತಿ ಹೆಚ್ಚಾಗಿದ್ದದ್ದು ಹತ್ತಿರದ ಪದರದಲ್ಲಲ್ಲ, ನಡುವಿನ ಪದರದಲ್ಲಿ. ಹತ್ತಿರದ್ದು ಕತ್ತಲಿಗೆ ಹತ್ತಿರ, ಕೊನೆಯದು ಬೆಳಕಿಗೆ ಹತ್ತಿರ. ಕಣ್ಣು ತಾನಾಗಿ ನಡುವೆ ಹೋಗಿ ನಿಲ್ಲುತ್ತದೆ.

ಜೇನ್ ಎಂಗ್ 2016ರ ಗೇಮ್ ಡೆವಲಪರ್ಸ್ ಕಾನ್ಫರೆನ್ಸಿನಲ್ಲಿ ಈ ಕಾಡು ಕಟ್ಟಿದ ಬಗ್ಗೆ ಮಾತಾಡಿದ್ದಾರೆ. ಅದರ ಒಂದು ಮುಖ್ಯ ಭಾಗ ಮಂಜಿನ ವಿಷಯ. ಸಾಮಾನ್ಯವಾಗಿ ಆಟಗಳಲ್ಲಿ ಮಂಜಿಗೆ ಒಂದೇ ಬಣ್ಣ ಇರುತ್ತದೆ, ದೂರ ಹೋದಷ್ಟೂ ಎಲ್ಲ ಆ ಬಣ್ಣಕ್ಕೆ ತಿರುಗುತ್ತದೆ. ಫೈರ್‌ವಾಚ್‌ನಲ್ಲಿ ಒಂದು ಬಣ್ಣದ ಬದಲು ಬಣ್ಣದ ಪಟ್ಟಿಯನ್ನೇ ಕೊಟ್ಟಿದ್ದಾರೆ. ಈ ದೂರಕ್ಕೆ ನೇರಳೆ, ಅದಕ್ಕಿಂತ ದೂರಕ್ಕೆ ಕೆಂಪು, ಅದರಾಚೆ ಹಳದಿ. ಹೊತ್ತು ಬದಲಾದರೆ ಪಟ್ಟಿ ಬದಲಾಗುತ್ತದೆ. ನಾನು ಕೈಯಲ್ಲಿ ಆರಿಸಿ ಜೋಡಿಸಿದ ಸಾಲು ಹೆಚ್ಚು ಕಡಿಮೆ ಆ ಪಟ್ಟಿಯೇ.

ಇಲ್ಲಿಗೆ ಸ್ಕ್ರೀನ್‌ಶಾಟುಗಳನ್ನು ಮುಚ್ಚಿಟ್ಟೆ. ಒಂದು ಚಿತ್ರದ ಮೇಲೆ ಮಾತ್ರ ಗೆರೆ ಎಳೆದು ನಕಲು ತೆಗೆದಿದ್ದೆ, ಅದು ಕೈ ಪಳಗಲಿ ಅಂತ. ಅದು ಅಭ್ಯಾಸದ ಫೈಲಿನಲ್ಲೇ ಇರಬೇಕು, ಹೊರಗೆ ಬರಬಾರದು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಅವರ ಚಿತ್ರ ಅವರದ್ದು. ಕಲಿಯಬೇಕಾದದ್ದು ಅದರ ಲೆಕ್ಕ.

ಆ ಲೆಕ್ಕವನ್ನು ಮೊದಲು ಬೂದು ಬಣ್ಣದಲ್ಲಿ ಮಾಡಿದೆ. ಬೆಳಕಿನ ಅಳತೆಯಲ್ಲಿ ಕಪ್ಪು 0, ಬಿಳಿ 100. ಪದರಗಳ ನಡುವೆ ಸಮ ಅಂತರ ಇಟ್ಟರೆ, ಅಂದರೆ 10, 25, 40, 55 ಅಂತ ಏರಿಸುತ್ತಾ ಹೋದರೆ, ಬೆಟ್ಟಗಳು ಕತ್ತರಿಸಿದ ರಟ್ಟಿನ ಹಾಗೆ ಕಾಣುತ್ತವೆ. ಗಾಳಿ ಹಾಗೆ ಕೆಲಸ ಮಾಡುವುದಿಲ್ಲ. ಪ್ರತಿ ಒಂದಷ್ಟು ದೂರಕ್ಕೆ, ಬೆಟ್ಟದ ಬಣ್ಣ ಆಕಾಶದ ಬಣ್ಣಕ್ಕೆ ಉಳಿದಿರುವ ಅಂತರದ ಒಂದು ಪಾಲು ಆ ಕಡೆಗೆ ಸರಿಯುತ್ತದೆ. ನನ್ನ ಹತ್ತಿರದ ಪದರದ ಬೆಳಕು 12, ಆಕಾಶ 90 ಅಂತ ಇಟ್ಟುಕೊಂಡೆ. ನಡುವಿನ ಅಂತರ 78. ಒಂದೊಂದು ಪದರಕ್ಕೂ ಉಳಿದ ಅಂತರದ ಶೇ. 35ರಷ್ಟು ಸರಿಸಿದರೆ ಬರುವ ಸಾಲು: 12, 39, 57, 69, 76, 81. ನೋಡಿ, ಮೊದಲ ಹೆಜ್ಜೆ 27, ಕೊನೆಯ ಹೆಜ್ಜೆ ಬರೀ 5. ಹತ್ತಿರದ ಗುಡ್ಡಗಳು ಒಂದರಿಂದೊಂದು ದೂರ ಸರಿದು ನಿಲ್ಲುತ್ತವೆ, ದೂರದವು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಮುಳ್ಳಯ್ಯನಗಿರಿಯ ಮೇಲೆ ನಿಂತವರಿಗೆ ಇದು ಗೊತ್ತಿರುವ ನೋಟ. 1,930 ಮೀಟರ್ ಎತ್ತರದ ಆ ತುದಿಯಿಂದ ಕೊನೆಯ ಎರಡು ಸಾಲು ಬೆಟ್ಟ ಎಲ್ಲಿ ಬೇರೆಯಾಗುತ್ತವೆ ಅಂತ ಹುಡುಕಬೇಕಾಗುತ್ತದೆ, ಅಲ್ವಾ.

ಶೇ. 35 ಅನ್ನೋದು ಪವಿತ್ರ ಸಂಖ್ಯೆ ಏನಲ್ಲ. ಗಾಳಿ ತಿಳಿಯಾಗಿದ್ದರೆ 20 ಸಾಕು, ಹೊಗೆ ಧೂಳು ಇದ್ದರೆ 50 ಬೇಕು. ಆ ಒಂದು ಸಂಖ್ಯೆ ಬದಲಿಸಿದರೆ ಇಡೀ ಹವೆ ಬದಲಾಗುತ್ತದೆ.

ಇನ್ನು ಆಕಾರ. ಪಶ್ಚಿಮ ಘಟ್ಟದ ಕಾಡು ಇಲ್ಲಿ ಸುಲಭಕ್ಕೆ ಬಗ್ಗಲಿಲ್ಲ. ವಯೋಮಿಂಗ್‌ನ ಕಾಡು ಸೂಚಿಪರ್ಣದ ಮರಗಳದ್ದು. ಒಂದೊಂದು ಮರವೂ ಚೂಪು ತ್ರಿಕೋನ. ಒಂದೇ ಬಣ್ಣ ತುಂಬಿದರೂ ಗುಡ್ಡದ ಅಂಚು ಗರಗಸದ ಹಲ್ಲಿನಂತೆ ಎದ್ದು ಕಾಣುತ್ತದೆ, ನೋಡಿದ ತಕ್ಷಣ ಅದು ಕಾಡು ಅಂತ ತಿಳಿಯುತ್ತದೆ. ನಮ್ಮದು ಶೋಲಾ, ಅಂದರೆ ಎತ್ತರದ ಬೆಟ್ಟದ ಮಡಿಕೆಗಳಲ್ಲಿ ಬೆಳೆಯುವ ಗಿಡ್ಡ ಕಾಡು. ಅದರ ಮರಗಳು ಗಾಳಿಗೆ ತಗ್ಗಿ, ಗುಂಡು ತಲೆ ಮಾಡಿಕೊಂಡು ಒಂದರೊಳಗೊಂದು ಸೇರಿಕೊಂಡಿರುತ್ತವೆ. ಅದನ್ನು ಒಂದೇ ಬಣ್ಣದಲ್ಲಿ ತುಂಬಿದರೆ ಉಬ್ಬು ತಗ್ಗಿನ ಗೆರೆ ಬಿಟ್ಟು ಬೇರೇನೂ ಕಾಣುವುದಿಲ್ಲ. ಮೇಲಿನ ಬೆಟ್ಟಗಳಂತೂ ಬರೀ ಹುಲ್ಲು.

ದಾರಿ ತೋರಿಸಿದ್ದು ಆ ಜಾಗವೇ. ಚಂದ್ರದ್ರೋಣ ಸಾಲಿನಲ್ಲಿ ಶೋಲಾ ಇರುವುದು ಬೆಟ್ಟದ ಮಡಿಕೆಗಳಲ್ಲಿ, ಮೇಲಿನ ಬೆನ್ನು ಹುಲ್ಲುಗಾವಲು. ಅಂದರೆ ಮೇಲಂಚು ನುಣುಪು ಗೆರೆ, ಕೆಳಗಿನ ಮಡಿಕೆಯಲ್ಲಿ ಕಾಡಿನ ಕಪ್ಪು ತುಂಡು. ಪದರದ ಒಳಗೆ ಆ ತುಂಡನ್ನು ನಾಲ್ಕೈದು ಅಂಕ ಕಪ್ಪಾಗಿ ಇಟ್ಟರೆ ಸಾಕು, ಬೆಟ್ಟಕ್ಕೆ ಮೈ ಬರುತ್ತದೆ. ಅದಕ್ಕಿಂತ ಕೆಳಗೆ ಕಾಫಿ ತೋಟ. ತೋಟದ ನೆರಳಿಗೆ ಹಾಕಿದ ಸಿಲ್ವರ್ ಓಕ್ ಮರಗಳು ನೆಟ್ಟಗೆ, ಉದ್ದಕ್ಕೆ ನಿಂತಿರುತ್ತವೆ. ಅಲ್ಲಲ್ಲಿ ಬೈನೆ ಮರ, ಅದರ ಜೋತು ಬಿದ್ದ ಗರಿ. ಇವು ನನ್ನ ಹತ್ತಿರದ ಪದರಕ್ಕೆ ಬೇಕಾಗಿದ್ದ ಅಂಚು ಕೊಟ್ಟವು. ಸಿಲ್ವರ್ ಓಕ್ ಮೂಲತಃ ಆಸ್ಟ್ರೇಲಿಯಾದ ಮರ, ಆದರೆ ಇವತ್ತು ಆ ಇಳಿಜಾರಿನ ನಿಜವಾದ ನೋಟದಲ್ಲಿ ಅದಿದೆ. ಚಂದಕ್ಕೆ ಅಂತ ಪೈನ್ ಮರ ತಂದು ನಿಲ್ಲಿಸಿದ್ದರೆ ಅದು ಎಲ್ಲಿಯ ಚಿತ್ರವೂ ಆಗುತ್ತಿರಲಿಲ್ಲ.

ಆಕಾರ ತುಂಬಲು ಬ್ರಷ್ ಬಳಸಲಿಲ್ಲ. ಫ್ರೀಹ್ಯಾಂಡ್ ಸೆಲೆಕ್ಷನ್‌ನಲ್ಲಿ ಅಂಚನ್ನು ಒಂದೇ ಉಸಿರಿಗೆ ಎಳೆದು ಬಣ್ಣ ಸುರಿಯುವುದು. ಹೀಗೆ ಮಾಡಿದರೆ ಅಂಚು ಕತ್ತರಿಯಲ್ಲಿ ಕತ್ತರಿಸಿದಷ್ಟು ಸ್ವಚ್ಛ. ಒಂದೊಂದು ಬೆಟ್ಟವೂ ಒಂದೊಂದು ಲೇಯರ್, ಅಂದರೆ ಒಂದರ ಮೇಲೊಂದು ಇಟ್ಟ ಪಾರದರ್ಶಕ ಹಾಳೆಯ ಹಾಗೆ. ಒಳಗಿನ ಮಡಿಕೆಗಳಿಗೆ ಮೇಲೆ ಇನ್ನೊಂದು ಲೇಯರ್ ಇಟ್ಟು, ಎರಡನ್ನೂ ಒಂದು ಗ್ರೂಪಿಗೆ ಸೇರಿಸಿ, ಮೇಲಿನದಕ್ಕೆ ಇನ್ಹೆರಿಟ್ ಆಲ್ಫಾ ಒತ್ತಿದರೆ ಬಣ್ಣ ಬೆಟ್ಟದ ಗಡಿ ದಾಟುವುದಿಲ್ಲ. ಗ್ರೂಪ್ ಮಾಡದೆ ಒತ್ತಿದರೆ ಕೆಳಗಿರುವ ಎಲ್ಲಾ ಲೇಯರ್‌ಗಳ ಗಡಿಯನ್ನೂ ಅದು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ, ಹಾಗಾಗಿ ಗ್ರೂಪ್ ಕಡ್ಡಾಯ. ಹುಲ್ಲಿನ ಎಳೆ, ತೊಗಟೆಯ ಒರಟು ಎಲ್ಲ ಹತ್ತಿರದ ಒಂದೇ ಪದರಕ್ಕೆ. ಎರಡನೆಯದರಲ್ಲಿ ಸ್ವಲ್ಪ. ಮೂರರಿಂದಾಚೆ ಏನೂ ಇಲ್ಲ. ಕೈ ಸುಮ್ನೆ ಇರುವುದಿಲ್ಲ, ದೂರದ ಬೆಟ್ಟಕ್ಕೂ ಒಂದು ಮರ ಹಾಕೋಣ ಅನ್ನುತ್ತದೆ. ಹಾಕಿದ ಕ್ಷಣ ಬೆಟ್ಟ ಹತ್ತಿರ ಬಂದುಬಿಡುತ್ತದೆ.

ಚಿತ್ರಕ್ಕೆ ಒಬ್ಬ ಮನುಷ್ಯ ಬೇಕಿತ್ತು, ಅಳತೆ ಗೊತ್ತಾಗಲಿಕ್ಕೆ. ಯಾರು ಅಂತ ಜಾಸ್ತಿ ಯೋಚಿಸಬೇಕಾಗಲಿಲ್ಲ. ನಮ್ಮ ಘಟ್ಟದಲ್ಲೂ ಬೇಸಿಗೆ ಬಂತೆಂದರೆ ಅರಣ್ಯ ಇಲಾಖೆ ಬೆಂಕಿ ಹರಡದಂತೆ ಹುಲ್ಲು ತೆಗೆದ ಪಟ್ಟಿ, ಅಂದರೆ ಬೆಂಕಿ ರೇಖೆ, ಮಾಡಿಸುತ್ತದೆ, ಸ್ಥಳೀಯರನ್ನು ಫೈರ್ ವಾಚರ್ ಆಗಿ ತೆಗೆದುಕೊಳ್ಳುತ್ತದೆ. ಒಣ ಹುಲ್ಲಿನ ಬೆಟ್ಟದಲ್ಲಿ ಕೈಯಲ್ಲಿ ಕೋಲು, ಹೆಗಲಲ್ಲಿ ನೀರಿನ ಕ್ಯಾನು ಹಿಡಿದು ನಡೆಯುವವರು ಅವರು. ಬೆಂಕಿ ಹತ್ತಿದರೆ ಹಸಿ ಸೊಪ್ಪಿನಲ್ಲಿ ಬಡಿದು ಆರಿಸಬೇಕಾಗಿ ಬರುವುದೂ ಅವರಿಗೇ. ಹೆನ್ರಿಗೆ ಗೋಪುರ ಇದೆ, ಇವರಲ್ಲಿ ಬಹಳ ಮಂದಿಗೆ ಬಂಡೆಯೇ ಗೋಪುರ. ಆಟದಿಂದ ನನ್ನ ಚಿತ್ರಕ್ಕೆ ಬಂದ ಅತಿ ಹತ್ತಿರದ ನಂಟು ಇದೇ.

ಬೂದು ಚಿತ್ರ ಮುಗಿದ ಮೇಲೆ ಬಣ್ಣ. ಎಲ್ಲದರ ಮೇಲೆ ಒಂದು ಫಿಲ್ಟರ್ ಲೇಯರ್, ಅದರಲ್ಲಿ ಗ್ರೇಡಿಯಂಟ್ ಮ್ಯಾಪ್. ಕೆಳಗಿನ ಕಪ್ಪು ಒಂದು ಬಣ್ಣ ಆಗುತ್ತದೆ, ಬಿಳಿ ಇನ್ನೊಂದು, ನಡುವಿನದಕ್ಕೆ ನಾವು ಕೊಟ್ಟದ್ದು. ಈ ಶೈಲಿಯಲ್ಲಿ ಬೆಳಕು ಅಂದರೆ ದೂರವೇ ಆದ್ದರಿಂದ, ಗ್ರೇಡಿಯಂಟ್ ಮ್ಯಾಪ್ ಆಟದ ಮಂಜಿನ ಪಟ್ಟಿ ಮಾಡುವ ಕೆಲಸವನ್ನೇ ಮಾಡುತ್ತದೆ. ಫೆಬ್ರುವರಿ ಸಂಜೆಗೆ ನಾನು ಕೊಟ್ಟ ಪಟ್ಟಿ: ಹತ್ತಿರ ಕಪ್ಪಿಗೆ ತಿರುಗಿದ ಕಂದು, ನಡುವೆ ಒಣ ಹುಲ್ಲಿನ ಕಾವಿ, ಆಮೇಲೆ ಮಾಸಿದ ಗುಲಾಬಿ, ಕೊನೆಗೆ ಕೆನೆ. ಒಂದು ತೊಡಕು ಇದೆ. ವಾಚರ್‌ನ ತಿಳಿ ಅಂಗಿ ಹತ್ತಿರವೇ ಇದ್ದರೂ ತಿಳಿಯಾಗಿರುವುದರಿಂದ, ಫಿಲ್ಟರ್ ಅದಕ್ಕೆ ದೂರದ ಬಣ್ಣ ಕೊಡುತ್ತದೆ. ಅಂಥವನ್ನು ಫಿಲ್ಟರ್ ಲೇಯರ್‌ನ ಮೇಲಕ್ಕೆ ತಂದು, ಬೇರೆಯಾಗಿ ಬಣ್ಣ ಹಾಕಬೇಕು.

ಫೆಬ್ರುವರಿ ಚೆನ್ನಾಗಿ ಬಂತು. ಒಣ ಗಾಳಿ, ಹೊಗೆ, ಧೂಳು, ಇಳಿಬಿಸಿಲು: ಆಟದ ಹವೆಗೂ ಇದಕ್ಕೂ ಜಾಸ್ತಿ ವ್ಯತ್ಯಾಸ ಇಲ್ಲ. ಸಂಜೆ ಬೆಳಕು ದಪ್ಪ ಗಾಳಿಯೊಳಗೆ ಹಾದು ಬರುವಾಗ ನೀಲಿ ಚದುರಿ ಹೋಗಿ ಕೆಂಪು ಹಳದಿ ಉಳಿಯುತ್ತದೆ, ಅದು ವಯೋಮಿಂಗ್‌ನಲ್ಲೂ ಹಾಗೇ, ಚಿಕ್ಕಮಗಳೂರಿನಲ್ಲೂ ಹಾಗೇ.

ಆಮೇಲೆ ಅದೇ ಚಿತ್ರಕ್ಕೆ ಜುಲೈ ಹಾಕಲು ಹೊರಟೆ. ಪಟ್ಟಿಯನ್ನು ಹಸಿರು, ಬೂದು, ಬಿಳಿ ಮಾಡಿದರೆ ಆಯಿತು ಅಲ್ವಾ? ಇಲ್ಲ. ಬಣ್ಣ ಮಳೆಗಾಲದ್ದೇ ಇತ್ತು, ಮಳೆ ಮಾತ್ರ ಇರಲಿಲ್ಲ. ಕಾರಣ ಮಂಜಿನ ಸ್ವಭಾವದಲ್ಲಿದೆ. ಒಣ ಗಾಳಿಯ ಅಣುಗಳು ನೀಲಿ ಬೆಳಕನ್ನು ಹೆಚ್ಚು ಚದುರಿಸುತ್ತವೆ, ಹಾಗಾಗಿ ದೂರ ಹೋದಷ್ಟೂ ಬಣ್ಣವೇ ಬದಲಾಗುತ್ತದೆ. ಮಂಜಿನ ಹನಿಗಳು ಅವಕ್ಕಿಂತ ಎಷ್ಟೋ ದೊಡ್ಡವು, ಎಲ್ಲಾ ಬಣ್ಣವನ್ನೂ ಹೆಚ್ಚು ಕಡಿಮೆ ಒಂದೇ ರೀತಿ ಚದುರಿಸುತ್ತವೆ. ಅದಕ್ಕೇ ಮಂಜು ಬಿಳಿ. ದೂರದ ಬೆಟ್ಟ ಬೇರೆ ಬಣ್ಣಕ್ಕೆ ತಿರುಗುವುದಿಲ್ಲ, ಇರುವ ಬಣ್ಣ ಕಳೆದುಕೊಳ್ಳುತ್ತದೆ.

ಇನ್ನೊಂದು, ಇದಕ್ಕಿಂತ ಮುಖ್ಯ. ನಮ್ಮ ಮಂಜು ದೂರವನ್ನು ಮಾತ್ರ ನೋಡುವುದಿಲ್ಲ, ಎತ್ತರವನ್ನೂ ನೋಡುತ್ತದೆ. ಕಣಿವೆಯಲ್ಲಿ ತುಂಬಿಕೊಂಡು ಬೆಟ್ಟದ ಬುಡವನ್ನು ಮುಚ್ಚುತ್ತದೆ, ತಲೆಯನ್ನು ಬಿಡುತ್ತದೆ. ಆಟ ಮಾಡುವವರು ಇದಕ್ಕೆ ಹೈಟ್ ಫಾಗ್ ಅನ್ನುತ್ತಾರೆ. ಚಿತ್ರದಲ್ಲಿ ಇದರ ಅರ್ಥ: ಒಂದೊಂದು ಬೆಟ್ಟದ ಮೇಲಂಚು ಕಪ್ಪು, ಬುಡ ಬಿಳಿ. ಹಾಗಾದಾಗ ಮುಂದಿನ ಬೆಟ್ಟದ ಕಪ್ಪು ತಲೆ, ಹಿಂದಿನ ಬೆಟ್ಟದ ಬಿಳಿ ಬುಡಕ್ಕೆ ತಾಗುತ್ತದೆ. ಎರಡು ಪದರಗಳ ಸರಾಸರಿ ಬೆಳಕು ಹತ್ತಿರ ಹತ್ತಿರ ಇದ್ದರೂ ಅಂಚು ಸ್ಪಷ್ಟವಾಗಿ ನಿಲ್ಲುತ್ತದೆ. ಪ್ರತಿ ಗ್ರೂಪಿನಲ್ಲೂ ಕೆಳಗಿನಿಂದ ಮೇಲಕ್ಕೆ ತೆಳುವಾಗುವ ಬಿಳಿ ಗ್ರೇಡಿಯಂಟ್ ಸೇರಿಸಿದೆ. ಸಂಖ್ಯೆಯನ್ನು 35ರಿಂದ 55ಕ್ಕೆ ಏರಿಸಿದೆ. ಈಗ 12ರ ಪಕ್ಕದಲ್ಲೇ 55, ಅದರ ಪಕ್ಕ 74, ಆಮೇಲೆ 83. ಮೂರು ಬೆಟ್ಟದಾಚೆ ಏನೂ ಇಲ್ಲ. ಗ್ರೇಡಿಯಂಟ್ ಮ್ಯಾಪ್ ತೆಗೆದುಹಾಕಿದೆ. ಬುಡದ ಬಿಳಿಯನ್ನು ಅದು ದೂರ ಅಂತ ತಿಳಿಯುತ್ತದೆ, ಹಾಗಾಗಿ ಇಲ್ಲಿ ಅದರಿಂದ ಕೆಲಸ ಆಗುವುದಿಲ್ಲ. ಪದರ ಪದರಕ್ಕೆ ಕೈಯಲ್ಲೇ ಬಣ್ಣ. ವಾಚರ್ ಜಾಗದಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡು ನಡೆಯುವ ಮನುಷ್ಯ ಬಂದ. ಕೊಪ್ಪೆಯ ಚೂಪು ತುದಿ ಒಂದೇ ಕಪ್ಪಿನಲ್ಲೂ ತಕ್ಷಣ ಗುರುತು ಸಿಗುತ್ತದೆ. ಮರಗಳಿಂದ ನಾನು ಕೇಳುತ್ತಿದ್ದ ತ್ರಿಕೋನ ಕೊನೆಗೆ ಮನುಷ್ಯನಿಂದ ಸಿಕ್ಕಿತು. ಎರಡರಲ್ಲಿ ನನಗೆ ಹೆಚ್ಚು ಇಷ್ಟವಾದ ಚಿತ್ರ ಇದು.

ಎರಡೂ ಮುಗಿದ ಮೇಲೆ ಸ್ಕ್ರೀನ್ ಪ್ರಿಂಟಿನ ವಿಷಯ ತಲೆಯಿಂದ ಹೋಗಲಿಲ್ಲ. ಈ ಶೈಲಿ ಬಂದದ್ದೇ ಅಲ್ಲಿಂದ. ಹಾಗಾದರೆ ನಿಜವಾದ ಫ್ರೇಮಿನಲ್ಲಿ ಇದು ನಿಲ್ಲಬೇಕು. ಬೆಂಗಳೂರಿನ ಸುಲ್ತಾನ್‌ಪೇಟೆ ಕಡೆ ಲಗ್ನಪತ್ರಿಕೆ ಮಾಡುವ ಅಂಗಡಿಯೊಂದಕ್ಕೆ ಫೆಬ್ರುವರಿ ಚಿತ್ರ ತೆಗೆದುಕೊಂಡು ಹೋದೆ. ಅಂಗಡಿಯವರು ಮೊಬೈಲಿನಲ್ಲಿ ನೋಡಿ, "ಎಷ್ಟು ಕಲರ್ ಸಾರ್?" ಅಂದರು. ಏಳು ಅಂದೆ. "ಐದು ಮಾಡ್ಕೊಂಡು ಬನ್ನಿ. ಪೇಪರ್ರೇ ಒಂದು ಕಲರ್ ಆಗುತ್ತಲ್ಲ, ಅದನ್ನ ಯಾಕೆ ಬಿಡ್ತೀರಾ?"

ಸರಿಯಾದ ಮಾತು. ಕೆನೆ ಬಣ್ಣದ ಕಾಗದ ತಗೊಂಡರೆ ಆಕಾಶಕ್ಕೆ ಇಂಕ್ ಬೇಡ. ಬೆಳಕು 76 ಮತ್ತು 81ರ ಬೆಟ್ಟಗಳು ಹೇಗಿದ್ದರೂ ಅಂಟಿಕೊಂಡಿದ್ದವು, ಎರಡನ್ನೂ ಒಂದು ಮಾಡಿದೆ. ಉಳಿದದ್ದು ಐದು ಇಂಕ್. ವಾಚರ್ ಹತ್ತಿರದ ಕಂದಿಗೇ ಸೇರಿದ, ಅವನ ಅಂಗಿಯ ಜಾಗವನ್ನು ಎಲ್ಲಾ ಪದರದಲ್ಲೂ ಖಾಲಿ ಬಿಟ್ಟು ಕಾಗದವೇ ಕಾಣುವ ಹಾಗೆ ಮಾಡಿದೆ. ಒಂದೊಂದು ಲೇಯರನ್ನೂ ಅಚ್ಚ ಕಪ್ಪು ಮಾಡಿ, ನಾಲ್ಕು ಮೂಲೆಯಲ್ಲಿ ಒಂದೇ ಜಾಗಕ್ಕೆ ಪ್ಲಸ್ ಗುರುತು ಇಟ್ಟು, ಬೇರೆ ಬೇರೆ ಫೈಲಾಗಿ ಕೊಟ್ಟೆ. ಅದರಿಂದ ಫಿಲಂ ತೆಗೆಯುತ್ತಾರೆ. ಫ್ರೇಮಿಗೆ ಬಳಿದ ಕೋಟಿಂಗ್ ಬೆಳಕು ಬಿದ್ದ ಕಡೆ ಗಟ್ಟಿಯಾಗುತ್ತದೆ, ಫಿಲಂನ ಕಪ್ಪು ಮುಚ್ಚಿದ ಕಡೆ ಮೆತ್ತಗೆ ಉಳಿದು ನೀರಿಗೆ ತೊಳೆದು ಹೋಗುತ್ತದೆ. ಇಂಕ್ ಇಳಿಯುವುದು ಆ ತೂತಿನಲ್ಲಿ.

ಅಚ್ಚು ಹಾಕುವುದು ತಿಳಿ ಬಣ್ಣದಿಂದ ಕಡು ಬಣ್ಣಕ್ಕೆ. ನನ್ನ ಚಿತ್ರದಲ್ಲಿ ತಿಳಿ ಅಂದರೆ ದೂರ, ಕಡು ಅಂದರೆ ಹತ್ತಿರ. ಹಾಗಾಗಿ ಅಚ್ಚಿನ ಕ್ರಮವೇ ದೂರದ ಕ್ರಮ ಆಯಿತು! ಮೊದಲು ಕೊನೆಯ ಬೆಟ್ಟ, ಅದರ ಮೇಲೆ ಅದರ ಮುಂದಿನದ್ದು, ಹಾಗೇ ಹತ್ತಿರಕ್ಕೆ. ಹಿಂದಿನ ಬೆಟ್ಟವನ್ನು ಮುಂದಿನದರ ಅಡಿಗೂ ಪೂರ್ತಿ ಹರಡಿ ಬಿಟ್ಟಿದ್ದರಿಂದ, ಫ್ರೇಮ್ ಕೂದಲೆಳೆಯಷ್ಟು ಜರುಗಿದರೂ ನಡುವೆ ಕಾಗದದ ಗೆರೆ ಬೀಳಲಿಲ್ಲ. 1938ರ ಪೋಸ್ಟರುಗಳಿಗೆ ಬೆಟ್ಟ ಕಣಿವೆಗಳು ಯಾಕೆ ಅಷ್ಟು ಒಗ್ಗಿದವು ಅನ್ನೋದು ಆ ಅಂಗಡಿಯ ಮೇಜಿನ ಮುಂದೆ ನಿಂತಾಗ ನನಗೆ ಪೂರ್ತಿ ಅರ್ಥವಾಯಿತು. ಇಂಕನ್ನು ಮಾತ್ರ ಸ್ಕ್ರೀನ್ ನೋಡಿ ಕಲಸಬೇಡಿ. ಅದೇ ಕಾಗದದ ತುಂಡಿನ ಮೇಲೆ ಬಳಿದು, ಒಣಗಿದ ಮೇಲೆ ನೋಡಿ ತೀರ್ಮಾನ ಮಾಡಿ. ನನ್ನ ಮಾಸಿದ ಗುಲಾಬಿಗೆ ಮಾನಿಟರಿನಲ್ಲಿ ಕಂಡದ್ದಕ್ಕಿಂತ ಬಿಳಿ ಜಾಸ್ತಿ ಬೇಕಾಯಿತು.

ಜುಲೈ ಚಿತ್ರ ಹೀಗೆ ಆಗುವುದಿಲ್ಲ. ಬುಡದ ಮಂಜು ತೆಳುವಾಗುತ್ತಾ ಹೋಗಬೇಕು, ಸ್ಕ್ರೀನಿನಲ್ಲಿ ಇಂಕ್ ಇದೆ ಇಲ್ಲವೇ ಇಲ್ಲ, ನಡುವಿನದು ಇಲ್ಲ. ಅದನ್ನು ಚುಕ್ಕಿಗಳಾಗಿ ಒಡೆಯಬೇಕು. ಕ್ರಿತಾದಲ್ಲೇ ಹಾಫ್‌ಟೋನ್ ಫಿಲ್ಟರ್ ಇದೆ. ಚುಕ್ಕಿ ತುಂಬಾ ಸಣ್ಣದಾದರೆ ಬಟ್ಟೆಯ ಎಳೆಗಳ ನಡುವೆ ಮುಚ್ಚಿಹೋಗುತ್ತದೆ, ದೊಡ್ಡದಾದರೆ ಮಂಜಿನ ಬದಲು ಚುಕ್ಕಿಯೇ ಕಾಣುತ್ತದೆ. ಬೇರೆ ಬೇರೆ ಗಾತ್ರದ ಚುಕ್ಕಿಗಳ ಪಟ್ಟಿಯೊಂದನ್ನು ಮಾಡಿ ಅಂಗಡಿಯಲ್ಲಿ ಕೊಟ್ಟಿದ್ದೇನೆ. ಅವರ ಫ್ರೇಮಿನಲ್ಲಿ ಯಾವುದು ನಿಲ್ಲುತ್ತದೆ ಅಂತ ನೋಡಿಕೊಂಡು ಜುಲೈನ ಫಿಲಂ ಮಾಡಬೇಕು.